ಪಂಢರಪುರದ ದಾರಿಗೆ ಬೇಕಾದಷ್ಟು ಮರಾಠಿ

ಆಳಂದಿಯಿಂದ ಪಂಢರಪುರದ ವಿಠ್ಠಲನ ಗುಡಿಗೆ ಸಂತ ಜ್ಞಾನೇಶ್ವರರ ಪಾಲಖಿ, ಅಂದರೆ ಪಲ್ಲಕ್ಕಿ, ಜೊತೆ ನಡೆದು ಬಂದ ಮೇಲೆ ಜನ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಕಾಲು ನೋಯಲಿಲ್ವಾ? ಭಾಷೆಗೆ ಏನು ಮಾಡಿದ್ರಿ? ಕಾಲು ನೋಯಿತು, ಅಷ್ಟೇ. ಭಾಷೆ ಬಗ್ಗೆ ಸ್ವಲ್ಪ ಹೇಳಬೇಕು. ನಾನು ತುಮಕೂರು ಕಡೆಯವನು, ಬೆಳಗಾವಿಯವರ ಹಾಗೆ ಮರಾಠಿ ಕೇಳಿಕೊಂಡು ಬೆಳೆದವನಲ್ಲ. ಹಿಂದಿ ಸಾಕು ಅಂತ ಹಲವರು ಧೈರ್ಯ ಹೇಳಿದ್ದರು. ಪುಣೆಯಲ್ಲಿ ಸಾಕು. ದಿವೇ ಘಾಟ್ ಹತ್ತಿ ಸಾಸವಡ ದಾಟಿದ ಮೇಲೆ ನಿಮ್ಮ ಪಕ್ಕದಲ್ಲಿ ನಡೆಯುವವರು ಬೀಡ್, ಪರಭಣಿ, ಲಾತೂರ್ ಕಡೆಯ ಹೊಲಮನೆಯ ಜನ. ಅದರಲ್ಲೂ ವಯಸ್ಸಾದ ಹೆಂಗಸರಿಗೆ ಹಿಂದಿ ಅಷ್ಟಕ್ಕಷ್ಟೇ.

ಹೊರಡುವ ಮುಂಚೆ ನಾನು ಉದ್ದುದ್ದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಲಿಲ್ಲ. ಪ್ರಶ್ನೆ ಕೇಳೋದು ಯಾರಿಗೂ ಕಷ್ಟವಲ್ಲ. ಅದಕ್ಕೆ ಅವರು ಒಂದೇ ಉಸಿರಲ್ಲಿ ಕೊಡುವ ಉತ್ತರ ತಲೆಗೆ ಹೋಗಬೇಕಲ್ಲ, ಕಷ್ಟ ಇರೋದು ಅಲ್ಲಿ. ಹಾಗಾಗಿ ಉತ್ತರ ‘ಹೋ’ ಅಥವಾ ‘ನಾಹೀ’ ಅಂತ ಮುಗಿಯುವ ಹಾಗೆ ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡೆ. ‘ಹೋ’ ಅಂದರೆ ಹೌದು. ‘ನಾಹೀ’ ಅಂದರೆ ಇಲ್ಲ.

ದಿಂಡಿ, ಅಂದರೆ ಒಟ್ಟಿಗೆ ನಡೆಯುವ ಭಕ್ತರ ಗುಂಪು, ಅದನ್ನು ಹುಡುಕುವುದನ್ನೇ ತೆಗೆದುಕೊಳ್ಳಿ. ಲಕ್ಷಗಟ್ಟಲೆ ಜನ ನಡೆಯುವಾಗ ನೀರು ಕುಡಿಯಲು ನಿಂತರೂ ಸಾಕು, ನಿಮ್ಮ ಗುಂಪು ಮುಂದೆ ಹೋಗಿಬಿಡುತ್ತದೆ. ಜ್ಞಾನೇಶ್ವರ ಪಾಲಖಿಯಲ್ಲಿ ಪಲ್ಲಕ್ಕಿ ಇರುವ ರಥದ ಮುಂದೆ 27 ದಿಂಡಿಗಳು, ಉಳಿದವೆಲ್ಲ ಹಿಂದೆ. ನಂಬರು ಮುಂದೆಯೂ ಒಂದರಿಂದ ಶುರು, ಹಿಂದೆಯೂ ಒಂದರಿಂದ ಶುರು. ಬರೀ ‘ಇಪ್ಪತ್ತನೇ ನಂಬರ್’ ಅಂದರೆ ಯಾರೂ ದಾರಿ ತೋರಿಸಲಾರರು. ‘ರಥಾಪುಢೇ’, ಅಂದರೆ ರಥದ ಮುಂದೆ, ಅಥವಾ ‘ರಥಾಮಾಗೇ’, ಅಂದರೆ ರಥದ ಹಿಂದೆ, ಈ ಎರಡರಲ್ಲಿ ಒಂದು ಸೇರಿಸಲೇಬೇಕು. ‘ಮಾವುಲೀ, ರಥಾಮಾಗೇ ವೀಸ್ ನಂಬರ್ ದಿಂಡೀ ಪುಢೇ ಗೇಲೀ ಕಾ?’ ಮುಂದೆ ಹೋಯಿತಾ ಅಂತ. ‘ಹೋ, ಗೇಲೀ’ ಅಂದರೆ ಹೆಜ್ಜೆ ಜೋರು ಮಾಡಿ. ‘ನಾಹೀ, ಮಾಗೇ ಆಹೇ’ ಅಂದರೆ ಕೂತು ಟೀ ಕುಡಿಯಿರಿ. ‘ದಿಂಡೀ ಕುಠೇ ಆಹೇ’, ಎಲ್ಲಿದೆ, ಅಂತ ಕೇಳಿದರೆ ಪುಟಗಟ್ಟಲೆ ಉತ್ತರ ಬರುತ್ತದೆ.

ದಿಂಡಿ ನಂಬರು, ಮುಖ್ಯಸ್ಥರ ಹೆಸರು, ಫೋನು ಮೂರನ್ನೂ ದೇವನಾಗರಿಯಲ್ಲಿ ಬರೆಸಿ ಕೊರಳಿಗೆ ಹಾಕಿಕೊಳ್ಳಿ. ನಾಚಿಕೆ ಬೇಡ, ಎಲ್ಲರೂ ಹಾಕಿಕೊಂಡಿರುತ್ತಾರೆ.

‘ಮಾವುಲೀ’ ಅಂದರೆ ಅಮ್ಮ, ಅದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಗಂಡಸು, ಹೆಂಗಸು, ಪೊಲೀಸು, ಟೀ ಮಾರುವ ಹುಡುಗ, ಎಲ್ಲರಿಗೂ ಅದೇ. ಗದ್ದಲದಲ್ಲಿ ‘ಮಾವುಲೀ, ಮಾವುಲೀ’ ಅಂದರೆ ಸ್ವಲ್ಪ ದಾರಿ ಬಿಡಿ ಅಂತಲೂ ಆಗುತ್ತದೆ. ಸಂಬಂಧ ಹಚ್ಚಿ ಕರೆಯುವಾಗ ಒಂದು ತಮಾಷೆ ಇದೆ. ನಾವು ಗೌರವಕ್ಕೆ ‘ತಾಯಿ’ ಅಂದರೆ ಅವರಿಗೆ ಅದು ಅಕ್ಕ. ಎಪ್ಪತ್ತು ದಾಟಿದ ಅಜ್ಜಿಯನ್ನು ಹಾಗೆ ಕರೆದರೆ ಬೇಜಾರೇನೂ ಆಗಲ್ಲ, ನಗುತ್ತಾರೆ. ಅಜ್ಜಿಗೆ ‘ಆಜೀ’, ನಡುವಯಸ್ಸಿನವರಿಗೆ ‘ಮಾವಶೀ’, ಗಂಡಸರಿಗೆ ‘ಕಾಕಾ’ ಅಥವಾ ‘ದಾದಾ’.

ನನ್ನ ಮಟ್ಟಿಗೆ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ‘ಊ ಕಾ’. ಕನ್ನಡದಲ್ಲಿ ಕೂರಲಾ, ಇಡಲಾ, ಬರಲಾ ಅಂತೀವಲ್ಲ, ಅದೇ ಇದು. ‘ಬಸೂ ಕಾ’ ಕೂರಲಾ. ‘ಝೋಪೂ ಕಾ’ ಮಲಗಲಾ. ‘ಠೇವೂ ಕಾ’ ಇಡಲಾ. ‘ಮೋಬಾಯಿಲ್ ಚಾರ್ಜಿಂಗಲಾ ಲಾವೂ ಕಾ’ ಚಾರ್ಜಿಗೆ ಹಾಕಲಾ. ಬೇಕು ಬೇಡದ ವಿಷಯದಲ್ಲೂ ಮರಾಠಿ ನಮಗೆ ಸಲೀಸು. ‘ಪಾಹಿಜೇ’ ಬೇಕು, ‘ನಕೋ’ ಬೇಡ, ‘ಪುರೇ’ ಸಾಕು. ಹಿಂದಿಯಲ್ಲಿ ಬೇಡ ಅನ್ನೋಕೆ ಎರಡು ಪದ ಜೋಡಿಸಬೇಕು, ಇಲ್ಲಿ ನಮ್ಮ ಹಾಗೇ ಒಂದೇ ಪದ.

ಲೋಣಂದದ ಹತ್ತಿರ ಮಳೆ ಹಿಡಿದುಕೊಂಡಿತು. ರಸ್ತೆ ಪಕ್ಕದ ಒಂದು ಮನೆ ಜಗಲಿ ಕಡೆ ಓಡಿದೆ. ಅಜ್ಜಿಯೊಬ್ಬರು ಬಾಗಿಲಲ್ಲೇ ನಿಂತಿದ್ದರು.

‘ಆಜೀ, ಇಥೇ ಬಸೂ ಕಾ?’

‘ಬಸ್ ಕೀ ಬಾಳಾ! ವಿಚಾರತೋಸ್ ಕಾಯ್?’ ಕೂತ್ಕೋ ಮಗಾ, ಕೇಳೋದೇನು ಅಂತ.

‘ಕುಠಲಾ ತೂ?’ ಎಲ್ಲಿಯವನು?

‘ಕರ್ನಾಟಕಾಚಾ.’

ಅಷ್ಟೇ ಸಾಕಾಯಿತು. ಒಳಗಿನಿಂದ ಜೋಳದ ಭಾಕರೀ ಬಂತು, ಮೇಲೆ ಕಡಲೆಹಿಟ್ಟಿನ ಬಿಸಿ ಪಿಠಲ, ಅಂಚಿಗೆ ಹಸಿಮೆಣಸಿನಕಾಯಿ ಕುಟ್ಟಿದ ಠೇಚಾ. ತಟ್ಟೆ ಇಲ್ಲ, ಭಾಕರಿಯೇ ತಟ್ಟೆ. ಮುಗಿಸಿ ‘ಪುರೇ’ ಅಂದೆ. ‘ಲಾಜೂ ನಕೋ’ ಅಂತ ಇನ್ನೊಂದು ಹಾಕಿದರು. ನಾಚಿಕೋಬೇಡ ಅಂತ. ವಾರಿಯಲ್ಲಿ, ಅಂದರೆ ಈ ಕಾಲ್ನಡಿಗೆ ಯಾತ್ರೆಯಲ್ಲಿ, ‘ಪುರೇ’ ಒಂದು ಸಲ ಹೇಳಿದರೆ ಲೆಕ್ಕಕ್ಕಿಲ್ಲ. ಕೈ ಅಡ್ಡ ಹಿಡಿದು, ತಲೆ ಅಲ್ಲಾಡಿಸಿ, ಮೂರು ಸಲ ಹೇಳಬೇಕು.

ಅಜ್ಜಿ ನನ್ನನ್ನು ‘ತೂ’ ಅಂದರು, ಅದು ಪ್ರೀತಿ. ನಾವು ಮಾತ್ರ ‘ತುಮ್ಹೀ’ ಅನ್ನಬೇಕು, ‘ದೇ’ ಅನ್ನದೆ ‘ದ್ಯಾ’ ಅನ್ನಬೇಕು. ‘ಪಾಣೀ ದ್ಯಾ’ ಅಂದರೆ ನೀರು ಕೊಡಿ. ಇನ್ನೊಂದು, ನಾನು ಅನ್ನುವವರು ಗಂಡೋ ಹೆಣ್ಣೋ ಅಂತ ಕನ್ನಡದ ಕ್ರಿಯಾಪದ ಕೇಳುವುದಿಲ್ಲ, ಮರಾಠಿ ಕೇಳುತ್ತದೆ. ದಾರಿ ತಪ್ಪಿದೆ ಅನ್ನೋದಕ್ಕೆ ನಾನು ‘ವಾಟ್ ಚುಕಲೋ’ ಅನ್ನಬೇಕು, ನನ್ನ ಹೆಂಡತಿ ‘ವಾಟ್ ಚುಕಲೇ’ ಅನ್ನಬೇಕು. ತಪ್ಪಿದರೂ ಅರ್ಥ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ದೂರ ಮಾತ್ರ ಯಾರನ್ನೂ ಕೇಳಬೇಡಿ. ‘ಕಿತೀ ರಾಹಿಲಂ’, ಇನ್ನೆಷ್ಟಿದೆ, ಅಂದರೆ ಎಲ್ಲರದೂ ಒಂದೇ ಉತ್ತರ: ‘ಜವಳಚ್ ಆಹೇ.’ ಇಲ್ಲೇ ಇದೆ. ಆ ಇಲ್ಲೇ ಎರಡು ತಾಸು ಆಗಬಹುದು. ‘ಕಿತೀ ವೇಳ್ ಲಾಗೇಲ್’, ಎಷ್ಟು ಹೊತ್ತು ಬೇಕು, ಅಂತ ಕೇಳಿದರೆ ಕೊಂಚ ನಂಬಬಹುದು. ಉತ್ತರದ ಪದಗಳು ಉತ್ತರ ಕರ್ನಾಟಕದವರಿಗೆ ಮನೆ ಮಾತು: ಅರ್ಧಾ ತಾಸ್, ದೀಡ್ ತಾಸ್, ಅಡೀಚ್ ತಾಸ್. ನಮ್ಮ ಕಡೆಯವರು ಕಲಿಯಬೇಕು. ದೀಡ್ ಅಂದರೆ ಒಂದೂವರೆ, ಅಡೀಚ್ ಅಂದರೆ ಎರಡೂವರೆ. ಎಡಕ್ಕೆ ‘ಡಾವೀಕಡೇ’, ಬಲಕ್ಕೆ ‘ಉಜವೀಕಡೇ’, ನೇರಕ್ಕೆ ‘ಸರಳ’.

ನಮ್ಮ ಮೈಲಾರಲಿಂಗನನ್ನೇ ಖಂಡೋಬಾ ಅನ್ನುವ ಜೇಜುರಿಯಲ್ಲಿ ಮಾತೇ ಬೇಕಾಗಲಿಲ್ಲ. ಅಲ್ಲಿ ‘ಯೇಳಕೋಟ ಯೇಳಕೋಟ’ ಅಂತ ಭಂಡಾರ ಎರಚುತ್ತಾರೆ. ಮೈಲಾರಲಿಂಗನ ಒಕ್ಕಲಿನವರಿಗೆ ಅದನ್ನು ಬಿಡಿಸಿ ಹೇಳಬೇಕಾ?

ಮೈ ಹುಷಾರಿಲ್ಲದಾಗ ಮಾತ್ರ ಸರಿಯಾದ ಪದವೇ ಬೇಕು. ದಾರಿಯುದ್ದಕ್ಕೂ ಔಷಧಿ ಕೊಡುವ ಡೇರೆಗಳಿರುತ್ತವೆ, ಜನ ಕ್ಯೂ ನಿಂತಿರುತ್ತಾರೆ, ವಿವರಿಸುತ್ತಾ ಕೂರಲು ಆಗಲ್ಲ. ಬೊಬ್ಬೆ ಬಂದಿದ್ದರೆ ‘ಪಾಯಾಲಾ ಫೋಡ್ ಆಲಾಯ್’. ತಲೆಸುತ್ತಿಗೆ ‘ಚಕ್ಕರ್ ಯೇತೇಯ್’. ಹೊಟ್ಟೆ ತೊಳಸಿದರೆ ‘ಮಳಮಳತಂಯ್’. ಭೇದಿಗೆ ‘ಜುಲಾಬ್’. ಕೆಲವು ಕಡೆ ಕಾಲೇಜು ಹುಡುಗರು ‘ಪಾಯ್ ದಾಬೂ ಕಾ’ ಅಂತ ಬರುತ್ತಾರೆ, ಕಾಲು ಒತ್ತಲಾ ಅಂತ. ಸಂಕೋಚಕ್ಕೆ ಬಿದ್ದು ‘ನಕೋ’ ಅನ್ನಬೇಡಿ, ಕಾಲು ಚಾಚಿ ಕೂತುಬಿಡಿ.

ಕಿವಿಗೆ ಬಿದ್ದ ತಕ್ಷಣ ಗೊತ್ತಾಗಬೇಕಾದ ನಾಲ್ಕು ಕೂಗುಗಳಿವೆ. ‘ಬಾಜೂಲಾ ವ್ಹಾ’ ಅಂದರೆ ಪಕ್ಕಕ್ಕೆ ಸರಿಯಿರಿ, ಹಿಂದಿನಿಂದ ಎತ್ತಿನ ಗಾಡಿಯೋ ನೀರಿನ ಟ್ಯಾಂಕರೋ ಬರುತ್ತಿದೆ. ‘ಥಾಂಬಾ’ ನಿಲ್ಲಿ. ‘ಜಪೂನ್’ ಹುಷಾರು. ‘ಸಾವಕಾಶ್’ ನಮ್ಮದೇ ಸಾವಕಾಶ. ಇನ್ನು ಸಂಜೆ ಮುಕ್ಕಾಂ ಸೇರಿದ ಮೇಲೆ ಆರತಿಗೆ ಮುಂಚೆ ಚೋಪದಾರ್, ಅಂದರೆ ದಂಡ ಹಿಡಿದು ಪಾಲಖಿಯ ಶಿಸ್ತು ನೋಡಿಕೊಳ್ಳುವವರು, ಆ ದಂಡ ಎತ್ತಿದರೆ ಅಷ್ಟು ಸಾವಿರ ತಾಳಗಳೂ ನಿಲ್ಲುತ್ತವೆ. ಯಾವುದಾದರೂ ದಿಂಡಿಗೆ ದೂರು ಇದ್ದರೆ ಅವರು ಮಾತ್ರ ತಾಳ ನಿಲ್ಲಿಸುವುದಿಲ್ಲ. ಚೋಪದಾರರೇ ಅಲ್ಲಿಗೆ ಹೋಗಿ ವಿಚಾರಿಸಬೇಕು. ಕಳೆದು ಸಿಕ್ಕ ವಸ್ತುಗಳ ವಿಷಯ ಹೇಳುವುದೂ ಆಗಲೇ. ‘ಸಾಪಡಲಂ’ ಅಂದರೆ ಸಿಕ್ಕಿದೆ, ‘ಹರವಲಂ’ ಅಂದರೆ ಕಳೆದಿದೆ.

ಸೈಕಲ್ಲಿನವರಿಗೆ ಬೇರೆಯೇ ಪಾಠ. ಆಷಾಢದಲ್ಲಿ ಪಾಲಖಿ ಜೊತೆ ಸೈಕಲ್ ತುಳಿಯುವುದು ಆಗದ ಮಾತು, ಜನರ ನಡುವೆ ತಳ್ಳಿಕೊಂಡೇ ಹೋಗಬೇಕು. ನಾನು ಸೈಕಲ್ಲಿನಲ್ಲಿ ಹೋದದ್ದು ಕಾರ್ತಿಕ ಏಕಾದಶಿಗೆ, ವಿಜಯಪುರದಿಂದ. ಧೂಳಖೇಡದ ಹತ್ತಿರ ಭೀಮಾ ದಾಟಿದರೆ ಬೋರ್ಡುಗಳು ಮರಾಠಿ ಆಗುತ್ತವೆ, ಜನರ ಬಾಯಿ ಅಷ್ಟು ಬೇಗ ಬದಲಾಗಲ್ಲ. ಸೊಲ್ಲಾಪುರದಲ್ಲಿ ಮೊದಲು ಕನ್ನಡದಲ್ಲೇ ಮಾತಾಡಿಸಿ ನೋಡಿ, ಅಥವಾ ‘ಕಾನಡೀ ಯೇತೇ ಕಾ’ ಅನ್ನಿ. ಬಹಳ ಸಲ ‘ಬರ್ತದ ಬರ್ರಿ’ ಅಂತ ಉತ್ತರ ಬಂತು. ಮೋಹೋಳ ದಾಟಿದ ಮೇಲೆ ಮರಾಠಿಯೇ ಗತಿ.

ಮರಾಠಿಯಲ್ಲಿ ಪಂಕ್ಚರ್ ಹಾಕಿಸುವುದಿಲ್ಲ, ತೆಗೆಸುತ್ತಾರೆ. ‘ಪಂಕ್ಚರ್ ಕಾಢಣಾರಾ ಕುಠೇ ಆಹೇ?’ ಗಾಳಿ ಹಾಕಿಸಲು ‘ಹವಾ ಭರಾಯ್ಚೀ ಆಹೇ’. ಚೈನು ಕಳಚುತ್ತಿದ್ದರೆ ‘ಚೇನ್ ಪಡತೇಯ್’, ಬ್ರೇಕ್ ಹಿಡಿಯದಿದ್ದರೆ ‘ಬ್ರೇಕ್ ಲಾಗತ್ ನಾಹೀ’. ಗೇರ್ ಸೈಕಲ್ಲಿನ ತೆಳು ವಾಲ್ವ್‌ಗೆ ಹಳ್ಳಿ ಅಂಗಡಿಯ ಪಂಪು ಕೂರುವುದಿಲ್ಲ. ಅದನ್ನು ಯಾವ ಭಾಷೆಯಲ್ಲಿ ವಿವರಿಸಿದರೂ ಪ್ರಯೋಜನವಿಲ್ಲ, ಸಣ್ಣ ಹಿತ್ತಾಳೆ ಅಡಾಪ್ಟರ್ ಜೇಬಲ್ಲಿರಲಿ. ಆ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್‌ಗಳೂ ಎರಡೆರಡು ಟ್ರೇಲರ್ ಕಟ್ಟಿಕೊಂಡು ರಸ್ತೆಗೆ ಇಳಿದಿರುತ್ತವೆ. ಕತ್ತಲಾದ ಮೇಲೆ ತುಳಿಯಬೇಡಿ. ಮಠವೋ ಧರ್ಮಶಾಲೆಯೋ ಸಿಕ್ಕರೆ ‘ಸಾಯಕಲ್ ಆತ್ ಠೇವೂ ಕಾ’, ಒಳಗಿಡಲಾ, ಅಂತ ಕೇಳಿ.

ಪಂಢರಪುರ ಸೇರಿದ ಮೇಲೆ ಒಂದು ಪ್ರಶ್ನೆ ತಪ್ಪದೆ ಕೇಳಬೇಕು. ‘ಹೀ ರಾಂಗ್ ಕಶಾಚೀ?’ ಈ ಸಾಲು ಯಾವುದರದು? ವಿಠ್ಠಲನ ಪಾದ ಮುಟ್ಟುವ ‘ಪದಸ್ಪರ್ಶ’ದ ಸಾಲು ಏಕಾದಶಿ ಹೊತ್ತಿಗೆ ಊರಾಚೆ ತನಕ ಬೆಳೆದಿರುತ್ತದೆ. ದೂರದಿಂದ ನೋಡಿ ಬರುವ ‘ಮುಖದರ್ಶನ’ದ ಸಾಲು ಅದಕ್ಕಿಂತ ಬೇಗ ಸರಿಯುತ್ತದೆ. ಸುಮ್ನೆ ಜನ ನಿಂತಿದ್ದಾರೆ ಅಂತ ನಿಂತುಬಿಟ್ಟರೆ ಇಡೀ ರಾತ್ರಿ ಅಲ್ಲೇ. ಕಾಲಲ್ಲಿ ಶಕ್ತಿ ಉಳಿಯದವರು ಶಿಖರಕ್ಕೆ ಕೈ ಮುಗಿದು, ಗುಡಿಯ ಬಾಗಿಲ ಮೆಟ್ಟಿಲಾದ ನಾಮದೇವ ಪಾಯರಿಗೆ ನಮಸ್ಕಾರ ಹಾಕಿ ಹೊರಡುತ್ತಾರೆ. ಅದೂ ‘ಕಳಸದರ್ಶನ’ವೇ, ಯಾರೂ ಕಡಿಮೆ ಅನ್ನುವುದಿಲ್ಲ.

ವಾಪಸ್ ಬರುವಾಗ ಬಸ್ಸಿಗೆ ‘ಗಾಡೀ’ ಅನ್ನಿ, ಊರಿಗೆ ವಿಜಾಪೂರ್ ಅನ್ನಿ. ‘ವಿಜಾಪೂರ್ ಗಾಡೀ ಕುಠೇ ಲಾಗತೇ?’ ಯಾತ್ರೆ ಸಮಯದಲ್ಲಿ ಊರಿನ ಹೊರಗೆ ತಾತ್ಕಾಲಿಕ ಬಸ್‌ಸ್ಟ್ಯಾಂಡುಗಳನ್ನು ಮಾಡಿರುತ್ತಾರೆ. ಹಾಗಾಗಿ ಚೀಲ ಹೊತ್ತು ಹೊರಡುವ ಮೊದಲು, ‘ಕೋಣತ್ಯಾ ಸ್ಟ್ಯಾಂಡವರ್’, ಯಾವ ಸ್ಟ್ಯಾಂಡಲ್ಲಿ, ಅಂತಲೂ ಕೇಳಿಕೊಳ್ಳಿ. ಒಬ್ಬರನ್ನಲ್ಲ, ಇಬ್ಬರನ್ನು ಕೇಳಿ.