ನೆಪ ಹಿಡಿಯಿರಿ, ಫೋನ್ ತಾನೇ ಕೆಳಗಿಳಿಯುತ್ತದೆ

ಬೆಳಗ್ಗೆ ಏಳಕ್ಕೆ ಹಾಲಿನವನಿಗೆ ದುಡ್ಡು ಹಾಕಲು ಫೋನ್ ತೆಗೆಯುತ್ತೀರಿ. ದುಡ್ಡು ಹೋಗಲು ಅರ್ಧ ನಿಮಿಷ ಸಾಕು. ಫೋನ್ ಕೆಳಗಿಡುವ ಹೊತ್ತಿಗೆ ಏಳೂವರೆ. ನಡುವೆ ಏನು ನೋಡಿದಿರಿ ಅಂದರೆ ಯಾರದೋ ನಾಯಿ, ಯಾರದೋ ಮದುವೆ ಕುಣಿತ, ಎಲ್ಲಿಯದೋ ರಸ್ತೆ ಜಗಳ. ಫೋನಿನ ಗೀಳು ಬಿಡಬೇಕೆಂದು ಹೊರಟವರು ಸಾಮಾನ್ಯವಾಗಿ ರೀಲ್ಸ್ ಮೇಲೆ ಸಿಟ್ಟಾಗುತ್ತಾರೆ. ಮೊದಲು ಹಿಡಿಯಬೇಕಾದ್ದು ಆ ಹಾಲಿನ ದುಡ್ಡನ್ನು, ಏಕೆಂದರೆ ಕೈ ಫೋನಿಗೆ ಹೋಗಲು ಸಿಕ್ಕ ನೆಪ ಅದು.

ಸ್ಮಾರ್ಟ್‌ಫೋನನ್ನೇ ಬಿಸಾಕಿ ಎನ್ನುವ ಉಪದೇಶ ದಾವಣಗೆರೆಯಲ್ಲಿ ನಡೆಯುವುದಿಲ್ಲ. ಮೆಕ್ಕೆಜೋಳದ ರೇಟು, ಚನ್ನಗಿರಿ ಕಡೆಯ ಅಡಿಕೆ ಧಾರಣೆ, ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಎಂಬ ಸುದ್ದಿ, ಮಕ್ಕಳ ಹೋಂವರ್ಕ್ ಎಲ್ಲ ಬರುವುದು ವಾಟ್ಸಾಪಿಗೇ. ಹಾಗಾಗಿ ಕೆಲಸದ ದಾರಿ ತೆರೆದಿಟ್ಟು ಪಕ್ಕದ ದಾರಿಗೆ ಮುಳ್ಳುಬೇಲಿ ಹಾಕಬೇಕು.

ಮೂರು ದಿನ ಬರೀ ಲೆಕ್ಕ

ಮೊದಲ ಮೂರು ದಿನ ಏನನ್ನೂ ಬಿಡಬೇಡಿ. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಮೂರು ಕಾಲಂ ಎಳೆಯಿರಿ: ಎಷ್ಟು ಹೊತ್ತಿಗೆ, ಯಾವ ನೆಪಕ್ಕೆ, ಎಷ್ಟು ನಿಮಿಷ. ಒಂದು ದಿನ ಭಾನುವಾರವಾಗಿರಲಿ, ಆವತ್ತಿನ ಲೆಕ್ಕವೇ ಬೇರೆ ಇರುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ತೆರೆದರೆ ದಿನಕ್ಕೆ ಎಷ್ಟು ಸಲ ಅನ್‌ಲಾಕ್ ಮಾಡಿದಿರಿ ಎಂಬುದು ಸಿಗುತ್ತದೆ. ಐಫೋನಿನ ಸ್ಕ್ರೀನ್ ಟೈಮ್‌ನಲ್ಲಿ ಇನ್ನೂ ಒಂದು ಉಪಯೋಗವಿದೆ: ಫೋನ್ ಎತ್ತಿದ ಕೂಡಲೇ ಮೊದಲು ತೆರೆದ ಆ್ಯಪ್ ಯಾವುದು ಎಂದೂ ಅದು ತೋರಿಸುತ್ತದೆ.

ಗಂಟೆಗಳ ಒಟ್ಟು ಮೊತ್ತ ನೋಡಿ ಗಾಬರಿಯಾಗುವುದರಿಂದ ಲಾಭವಿಲ್ಲ. ಬೇಕಾದ್ದು ನೆಪಗಳ ಪಟ್ಟಿ. ಹೆಚ್ಚಿನವರ ಹಾಳೆಯಲ್ಲಿ ಬರುವುದು ಐದಾರೇ: ಅಲಾರಾಂ ನಿಲ್ಲಿಸುವುದು, ಟೈಮ್ ನೋಡುವುದು, ದುಡ್ಡು ಕಳಿಸುವುದು, ಒಟಿಪಿ, ವಾಟ್ಸಾಪ್ ಗುಂಪಿನ ಟಿಣ್ ಸದ್ದು, ಮಲಗುವ ಮುಂಚೆ 'ಒಂದೇ ಸಲ' ನೋಡುವುದು.

ಒಂದೊಂದೇ ನೆಪ ಕೀಳುವುದು

ಅಲಾರಾಂ ಮತ್ತು ಟೈಮ್ ಸುಲಭದವು. ಒಂದು ಸೆಲ್ ಹಾಕುವ ಅಲಾರಾಂ ಗಡಿಯಾರ, ಕೈಗೊಂದು ಸಾದಾ ವಾಚು. ಸ್ಮಾರ್ಟ್ ವಾಚ್ ಬೇಡ, ಅದು ಇನ್ನೊಂದು ಟಿಣ್. ಈ ಎರಡನ್ನೂ ತಂದಿಟ್ಟಮೇಲೇ ರಾತ್ರಿ ಫೋನನ್ನು ಕೋಣೆಯಿಂದ ಆಚೆ ಹಾಕಲು ಸಾಧ್ಯ. ಇದಿಲ್ಲದೆ ಹೊರಟವರು ಮೂರನೇ ರಾತ್ರಿ 'ಬೆಳಗ್ಗೆ ಬೇಗ ಏಳಬೇಕಲ್ಲ' ಎಂದು ಫೋನನ್ನು ವಾಪಸ್ ದಿಂಬಿನ ಕೆಳಗೆ ತರುತ್ತಾರೆ.

ದುಡ್ಡು ಕಳಿಸುವಾಗ ನಿಜವಾದ ಅಪಾಯ ಇರುವುದು ಕಳಿಸಿದ ಮೇಲೆ. ಪೇಮೆಂಟ್ ಆದ ಕೂಡಲೇ ಪಕ್ಕದ ಪವರ್ ಬಟನ್ ಒತ್ತಿ ಸ್ಕ್ರೀನ್ ಆರಿಸಿ. ಬ್ಯಾಕ್ ಅಥವಾ ಹೋಂ ಒತ್ತಿದರೆ ಬಣ್ಣಬಣ್ಣದ ಐಕಾನುಗಳ ಸಂತೆಗೆ ಬಂದು ನಿಲ್ಲುತ್ತೀರಿ. ಆಂಡ್ರಾಯ್ಡ್ 13 ಮತ್ತು ಆಮೇಲಿನದಾದರೆ, ಮೇಲಿಂದ ಎಳೆಯುವ ಪರದೆಯಲ್ಲಿ ಕ್ಯೂಆರ್ ಸ್ಕ್ಯಾನರ್ ಗುಂಡಿಯನ್ನು ಸೇರಿಸಿಕೊಂಡರೆ ಹೋಂ ಸ್ಕ್ರೀನಿಗೆ ಹೋಗದೆಯೇ ಕೆಲಸ ಮುಗಿಯುತ್ತದೆ. ಹಾಲಿಗೆ ತಿಂಗಳಿಗೊಮ್ಮೆ, ಸೊಪ್ಪು-ತರಕಾರಿಗೆ ನಗದು ಎಂದು ಮಾಡಿಕೊಂಡರೆ ದಿನಕ್ಕೆ ನಾಲ್ಕೈದು ಅನ್‌ಲಾಕ್ ಉಳಿಯುತ್ತವೆ. ಹತ್ತು, ಇಪ್ಪತ್ತರ ನೋಟು ಮನೆಯಲ್ಲಿರಲಿ. ಚಿಲ್ಲರೆ ಇಲ್ಲ ಅನ್ನುವುದೂ ಒಂದು ನೆಪವೇ.

ವಾಟ್ಸಾಪಿಗೆ ಅರ್ಧ ಗಂಟೆ ಕೂತು ಕೆಲಸ ಮಾಡಬೇಕು. ಶಾಲೆ, ಕರೆಂಟು, ವ್ಯಾಪಾರ ಇಂಥ ಎರಡು ಮೂರು ಗುಂಪು ಬಿಟ್ಟು ಉಳಿದೆಲ್ಲವನ್ನೂ ಮ್ಯೂಟ್ ಮಾಡಿ. ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂದು ಮೂರು ಆಯ್ಕೆ ಬರುತ್ತವೆ, 'ಯಾವಾಗಲೂ' ಒತ್ತಿ. ಬಳಿಕ ಅವನ್ನು ಆರ್ಕೈವ್‌ಗೆ ತಳ್ಳಿ. ಸೆಟ್ಟಿಂಗ್ಸ್‌ನ ಚಾಟ್ಸ್ ಭಾಗದಲ್ಲಿ, ಹೊಸ ಮೆಸೇಜ್ ಬಂದರೂ ಆರ್ಕೈವ್‌ನಲ್ಲೇ ಇರಲಿ ಎಂಬ ಆಯ್ಕೆ ಆನ್ ಇದೆಯೇ ನೋಡಿ, ಇಲ್ಲವಾದರೆ ಒಂದು ಗುಡ್ ಮಾರ್ನಿಂಗ್ ಹೂವಿಗೆ ಇಡೀ ಗುಂಪು ಮೇಲೆದ್ದು ಬರುತ್ತದೆ. ಸ್ಟೋರೇಜ್ ಭಾಗದಲ್ಲಿ ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಗುಂಪು ಬಿಟ್ಟರೆ ಬೀಗರು ಬೇಜಾರಾಗುತ್ತಾರೆ, ಮ್ಯೂಟ್ ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ.

ಮಿಕ್ಕ ಆ್ಯಪ್‌ಗಳ ನೋಟಿಫಿಕೇಷನ್ ಎಲ್ಲ ಬಂದ್. ಕರೆ, ಬ್ಯಾಂಕಿನ ಎಸ್ಸೆಮ್ಮೆಸ್ಸು, ಮನೆಯವರ ಮೆಸೇಜು ಸಾಕು.

ತಳವಿಲ್ಲದ ಪೊಟ್ಟಣ

ಮಂಡಕ್ಕಿ ಪೊಟ್ಟಣ ಖಾಲಿಯಾದರೆ ಕೈ ನಿಲ್ಲುತ್ತದೆ. ರೀಲ್ಸ್ ಪೊಟ್ಟಣಕ್ಕೆ ತಳವೇ ಇಲ್ಲ. ಎಳೆದಷ್ಟೂ ಬರುವ ಈ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟರು. ಜೊತೆಗೆ ಹತ್ತು ವಿಡಿಯೊದಲ್ಲಿ ಒಂದೆರಡು ಮಾತ್ರ ಚೆನ್ನಾಗಿರುತ್ತವೆ, ಯಾವುದು ಎಂದು ಮೊದಲೇ ಗೊತ್ತಾಗುವುದಿಲ್ಲ. ಯಾವಾಗ ಕಾಳು ಬೀಳುತ್ತದೋ ತಿಳಿಯದಿದ್ದಾಗ ಪಾರಿವಾಳ ಬಿಡದೆ ಗುಂಡಿ ಕುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಬಹಳ ಹಿಂದೆಯೇ ತೋರಿಸಿದ್ದರು. ನಡುವೆ ನಿಲ್ಲಿಸುವುದು ಅಷ್ಟು ಕಷ್ಟ, ಆದ್ದರಿಂದ ಶುರುವಾಗದಂತೆ ನೋಡಿಕೊಳ್ಳುವುದೇ ಮೇಲು.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿ. ಖಾತೆ ಅಳಿಸುವುದು ಈಗಲೇ ಬೇಡ. ಆದರೆ ಅಷ್ಟಕ್ಕೇ ನಿಂತರೆ ಎರಡು ದಿನದಲ್ಲಿ ಬ್ರೌಸರಿನಲ್ಲಿ ತೆರೆಯುತ್ತೀರಿ, ಪಾಸ್‌ವರ್ಡ್ ಅದಕ್ಕೆ ನೆನಪಿರುತ್ತದೆ. ಆದ್ದರಿಂದ ಅನ್‌ಇನ್‌ಸ್ಟಾಲ್‌ಗೆ ಮುಂಚೆ ಪಾಸ್‌ವರ್ಡನ್ನು ಇಪ್ಪತ್ತು ಅಕ್ಷರದ, ಅರ್ಥವಿಲ್ಲದ ಒಂದಕ್ಕೆ ಬದಲಿಸಿ, ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ. ಬ್ರೌಸರ್ ಕೇಳಿದಾಗ 'ಸೇವ್' ಒತ್ತಬೇಡಿ. ಎದ್ದು ಹೋಗಿ, ಬೀಗ ತೆಗೆದು, ಚೀಟಿ ನೋಡಿ ಟೈಪ್ ಮಾಡುವಷ್ಟರಲ್ಲಿ ಹತ್ತರಲ್ಲಿ ಎಂಟು ಸಲ ಆಸೆ ಇಳಿದಿರುತ್ತದೆ.

ಯೂಟ್ಯೂಬ್ ಎಷ್ಟೋ ಫೋನುಗಳಲ್ಲಿ ಅನ್‌ಇನ್‌ಸ್ಟಾಲ್ ಆಗುವುದಿಲ್ಲ, ಆ್ಯಪ್ ಇನ್ಫೊದಲ್ಲಿ 'ಡಿಸೇಬಲ್' ಮಾಡಬಹುದು. ಪಾಠಕ್ಕೆ ಬೇಕೇಬೇಕು ಅನ್ನುವ ಪಿಯು ಹುಡುಗರಿಗೆ ಬೇರೆ ದಾರಿ: ವಾಚ್ ಹಿಸ್ಟರಿ ಆಫ್ ಮಾಡಿ, ಹಳೆಯದನ್ನು ಅಳಿಸಿ. ಆಗ ಮೊದಲ ಪುಟ ಖಾಲಿ ನಿಲ್ಲುತ್ತದೆ, ಬೇಕಾದ ಪಾಠವನ್ನು ಹುಡುಕಿಯೇ ನೋಡಬೇಕು. ಆಟೋಪ್ಲೇ ಸಹ ಆಫ್ ಇರಲಿ.

ಆ್ಯಪ್ ಟೈಮರ್ ಬಗ್ಗೆ ಹೆಚ್ಚು ಭರವಸೆ ಬೇಡ. ನೀವೇ ಹಾಕಿದ ಅರ್ಧ ಗಂಟೆಯ ಮಿತಿಯನ್ನು ನೀವೇ ಎರಡು ಒತ್ತಿಗೆ ತೆಗೆಯಬಹುದು. ಐಫೋನಿನಲ್ಲಿ ಸ್ಕ್ರೀನ್ ಟೈಮ್‌ಗೆ ಬೇರೆ ಪಾಸ್‌ಕೋಡ್ ಇಡುವ ಸೌಲಭ್ಯವಿದೆ, ಅದನ್ನು ಅಕ್ಕನೋ ಹೆಂಡತಿಯೋ ಇಡಲಿ. ಪರದೆಯನ್ನು ಕಪ್ಪು-ಬಿಳುಪು ಮಾಡುವ ಗ್ರೇಸ್ಕೇಲ್ ಇದಕ್ಕಿಂತ ಚೆನ್ನ: ಕ್ಯೂಆರ್ ಎಂದಿನಂತೆ ಓದುತ್ತದೆ, ರೀಲ್ಸ್ ಮಾತ್ರ ಸಪ್ಪೆಯಾಗುತ್ತದೆ. ಬೆಳೆಯ ಎಲೆಗೆ ಬಂದ ರೋಗದ ಫೋಟೊ ನೋಡುವಾಗ ಮಾತ್ರ ಬಣ್ಣ ವಾಪಸ್ ತನ್ನಿ. ಹಳದಿಯೋ ಹಸಿರೋ ತಿಳಿಯದೆ ಔಷಧ ಹೊಡೆದರೆ ಕಷ್ಟ.

ಫೋನಿಗೊಂದು ಜಾಗ

ಚಾರ್ಜರ್ ಇರುವಲ್ಲಿ ಫೋನ್, ಫೋನ್ ಇರುವಲ್ಲಿ ನೀವು. ಚಾರ್ಜರನ್ನು ಮಲಗುವ ಕೋಣೆಯಿಂದ ಕಿತ್ತು ಪಡಸಾಲೆಯಲ್ಲಿ, ಕುರ್ಚಿ ಎಳೆದು ಕೂರಲಾಗದ ಗೋಡೆಗೆ ಹಾಕಿ. ವೈರು ಗಿಡ್ಡವಿರಲಿ. ಪವರ್ ಬ್ಯಾಂಕ್ ಬೀರುವಿಗೆ, ಪಾಸ್‌ವರ್ಡ್ ಚೀಟಿಯ ಪಕ್ಕಕ್ಕೆ. ರಾತ್ರಿ ಒಂಬತ್ತೂವರೆಗೆ ಮನೆಮಂದಿಯ ಎಲ್ಲ ಫೋನು ಅಲ್ಲಿಗೆ ಬರಬೇಕು, ಅಪ್ಪನದು ಮೊದಲು. ಮಕ್ಕಳ ಫೋನ್ ಮಾತ್ರ ಕಿತ್ತಿಟ್ಟು ತಾವು ನ್ಯೂಸ್ ನೋಡುತ್ತ ಮಲಗುವ ಮನೆಯಲ್ಲಿ ಈ ಪದ್ಧತಿ ವಾರ ಬಾಳುವುದಿಲ್ಲ. ತುರ್ತು ಕರೆಯ ಭಯವಿದ್ದರೆ ರಿಂಗ್ ಜೋರಾಗಿರಲಿ, ಪಡಸಾಲೆಯಿಂದ ಕೇಳುತ್ತದೆ.

ಮೊದಲ ವಾರ

ಎರಡನೇ ದಿನದಿಂದ ಕೈ ಸುಮ್ಮನೆ ಜೇಬಿಗೆ ಹೋಗುತ್ತದೆ, ಬಾರದ ವೈಬ್ರೇಷನ್ ಬಂದಂತಾಗುತ್ತದೆ, ಸಣ್ಣ ಮಾತಿಗೂ ಸಿಡುಕು. ಆಸೆ ಎದ್ದಾಗ ಅದರೊಡನೆ ವಾದಕ್ಕಿಳಿಯಬೇಡಿ. ಹದಿನೈದು ನಿಮಿಷ ತಳ್ಳಿ, ಅಲೆ ಬಂದ ಹಾಗೆ ಇಳಿಯುತ್ತದೆ.

ಖಾಲಿ ಬಿದ್ದ ಹೊತ್ತಿಗೆ ಮೊದಲೇ ಏನಾದರೂ ಗೊತ್ತು ಮಾಡಿರಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು, ಬಿಸಿಲಿಗೆ ಗಿರಾಕಿ ಬಾರದ ಹೊತ್ತಿನಲ್ಲಿ ಮಂಡಿಪೇಟೆ, ಚೌಕಿಪೇಟೆಯ ಅಂಗಡಿಯವರಿಗೆ ಗಲ್ಲಾಪೆಟ್ಟಿಗೆ ಪಕ್ಕ 'ಜನತಾವಾಣಿ'ಯೂ ಬಾಕಿ ಲೆಕ್ಕದ ಪುಸ್ತಕವೂ ಇರಲಿ. ಪೇಪರಿಗೆ ಕೊನೆಯ ಪುಟ ಎಂಬುದೊಂದಿದೆ. ಕುಂದವಾಡ ಕೆರೆಗೆ ವಾಕಿಂಗ್ ಹೋಗುವವರು ಫೋನನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟು ಇಳಿಯಿರಿ, ಹೆಜ್ಜೆ ಎಣಿಸದಿದ್ದರೂ ಹೆಜ್ಜೆ ಬೀಳುತ್ತವೆ. ಇನ್ನು ಅಭ್ಯಾಸಕ್ಕೆ ಬೆಣ್ಣೆ ದೋಸೆ ಹೋಟೆಲಿಗಿಂತ ಒಳ್ಳೆಯ ಜಾಗ ಸಿಗದು. ಆರ್ಡರ್ ಕೊಟ್ಟು ದೋಸೆ ಬರುವ ತನಕ ಜೇಬಿಗೆ ಕೈ ಹಾಕುವಂತಿಲ್ಲ. ಹಂಚಿನ ಮೇಲೆ ಬೆಣ್ಣೆ ಕರಗುವುದನ್ನು ನೋಡಿ, ಎದುರಿಗೆ ಕೂತವರ ಮಾತು ಕೇಳಿ, ಏನೂ ಇಲ್ಲವಾದರೆ ಹಸಿವಾಗಲಿ. ದೋಸೆ ಬಂದಮೇಲೆ ಫೋಟೊ ತೆಗೆದರೆ ಅಭ್ಯಾಸ ಮೊದಲಿಂದ.

ಎಲ್ಲಿ ಜಾರುತ್ತದೆ

2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು. ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಇಲ್ಲಿಗೆ ಬಂದವು. ದೇಶಕ್ಕೆ ಆದದ್ದೇ ಒಬ್ಬೊಬ್ಬರಿಗೂ ಆಗುತ್ತದೆ: ಇನ್‌ಸ್ಟಾ ಬಿಟ್ಟವರು ಶಾರ್ಟ್ಸ್‌ಗೆ, ಅದನ್ನೂ ಬಿಟ್ಟವರು ಕ್ರಿಕೆಟ್ ಸ್ಕೋರಿಗೆ, ಕೊನೆಗೆ ಶಾಪಿಂಗ್ ಆ್ಯಪಿನಲ್ಲಿ ಕೊಳ್ಳದ ಸೀರೆ ನೋಡುವುದಕ್ಕೆ. ಎರಡನೇ ವಾರ ಮತ್ತೆ ಒಂದು ದಿನ ಹಾಳೆ ಬರೆಯಿರಿ, ಹೊಸ ಕಳ್ಳ ಸಿಗುತ್ತಾನೆ.

'ಇಂದಿನಿಂದ ಸೋಷಿಯಲ್ ಮೀಡಿಯಾಗೆ ವಿದಾಯ' ಎಂದು ಸ್ಟೇಟಸ್ ಹಾಕಬೇಡಿ. ಎಷ್ಟು ಜನ ನೋಡಿದರು ಎಂದು ನೋಡಲು ಸಂಜೆಯೊಳಗೆ ವಾಪಸ್ ಬರುತ್ತೀರಿ. ದುಗ್ಗಮ್ಮನ ಜಾತ್ರೆ, ನೆಂಟರ ಮದುವೆ ಅಂತ ಫೋಟೊ ನೋಡಲು ಆ್ಯಪ್ ಮತ್ತೆ ಹಾಕಿಕೊಂಡರೆ ಅದೇ ರಾತ್ರಿ ತೆಗೆದು, ಪಾಸ್‌ವರ್ಡನ್ನೂ ಬದಲಿಸಿ. ಒಂದು ರಾತ್ರಿ ತಡವಾದರೆ ತಿಂಗಳಾಗುತ್ತದೆ. ಎರಡು ತಿಂಗಳು ಖಾತೆ ನೆನಪಾಗಲೇ ಇಲ್ಲವೆಂದರೆ ಅಳಿಸಿಬಿಡಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡೂ 30 ದಿನ ಕಾಯುತ್ತವೆ, ಅಷ್ಟರೊಳಗೆ ಲಾಗಿನ್ ಆದರೆ ಅಳಿಸುವುದನ್ನು ರದ್ದು ಮಾಡಿಬಿಡಬಹುದು.

ಮನೆಮದ್ದು ಸಾಲದಾದಾಗ

ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಕಾಲೇಜು ಬಿಟ್ಟಿದ್ದರೆ, ಫೋನ್ ಕಿತ್ತುಕೊಂಡಾಗ ಹುಡುಗ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಮಾತಾಡಿದರೆ ಸೆಟ್ಟಿಂಗ್ಸ್ ಸಾಲದು. ಬೈದು ಕಿತ್ತುಕೊಳ್ಳುವುದೂ ಬೇಡ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ಇದೆ. ಆಟದ ಚಟದಲ್ಲಿ ದುಡ್ಡು ಮೋಸಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿ. ವೈದ್ಯರ ಹತ್ತಿರ ಹೋಗುವಾಗ ಆ ಕ್ಯಾಲೆಂಡರ್ ಹಾಳೆಯನ್ನೂ ಜೊತೆಗೆ ಒಯ್ಯಿರಿ. ದಿನಕ್ಕೆ ಎಷ್ಟು ಹೊತ್ತು, ಯಾವಾಗ, ಯಾಕೆ ಎಂದು ಅವರು ಮೊದಲು ಕೇಳುವ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಬರೆದಿರುತ್ತದೆ.