ಒಂದು ಹಂಚಿನ ಮನೆ, ಮೂರು ಕೆಲಸ: ನಕ್ಷೆ, ಛಾಯಾಚಿತ್ರ, ಹಳೆಯ ಮಾದರಿಯ ವಿಡಿಯೋ ಗೇಮ್

ವಿನ್ಯಾಸ ಕಲಿಯುತ್ತಿರುವ ಹುಡುಗ ಹುಡುಗಿಯರು ತಮ್ಮ ಕೆಲಸ ತೋರಿಸಲು ಬಂದಾಗ ನಾನು ಹೆಚ್ಚಾಗಿ ಕಾಣುವುದು ಮೂರು ಬೇರೆ ಬೇರೆ ಕಡತಗಳನ್ನು. ಒಂದರಲ್ಲಿ ಕಟ್ಟಡದ ನಕ್ಷೆಗಳು, ಇನ್ನೊಂದರಲ್ಲಿ ಪಣಂಬೂರಿನ ಸೂರ್ಯಾಸ್ತದ ಫೋಟೋಗಳು, ಮತ್ತೊಂದರಲ್ಲಿ ಅರ್ಧಕ್ಕೆ ನಿಂತ ಒಂದು ಗೇಮ್. ಒಂದೊಂದೂ ಚೆನ್ನಾಗಿಯೇ ಇರುತ್ತದೆ. ಆದರೆ ಈ ಮೂರನ್ನೂ ಒಬ್ಬರೇ ಮಾಡಿದ್ದಾರೆ ಎನ್ನುವುದಕ್ಕೆ ಅವುಗಳೊಳಗೆ ಯಾವ ಸಾಕ್ಷಿಯೂ ಇರುವುದಿಲ್ಲ. ಅಂಥವರಿಗೆ ನಾನು ಹೇಳುವುದು ಒಂದೇ: ಮೂರು ವಿಷಯಗಳನ್ನು ಹುಡುಕಬೇಡಿ, ಒಂದೇ ಮನೆಯನ್ನು ಮೂರು ಸಲ ನೋಡಿ. ಮೊದಲು ಅಳೆಯಿರಿ, ಆಮೇಲೆ ಫೋಟೋ ತೆಗೆಯಿರಿ, ಕೊನೆಗೆ ಅದನ್ನೇ ಗೇಮ್ ಮಾಡಿ. ಈ ಕ್ರಮ ಯಾಕೆ ಮುಖ್ಯ, ಒಂದೊಂದು ಹಂತದಲ್ಲಿ ಏನೇನು ಮಾಡಬೇಕು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆಯನ್ನು ಆರಿಸಿಕೊಳ್ಳುವುದು

ಮಂಗಳೂರು, ಉಡುಪಿ ಕಡೆಯವರಿಗೆ ಇದು ಕಷ್ಟವಲ್ಲ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ, ಮರದ ಪಕ್ಕಾಸು (ಮಾಡನ್ನು ಹೊರುವ ಇಳಿಜಾರು ತೊಲೆ), ಮೇಲೆ ಹಂಚು ಇರುವ ಮನೆ ಅಜ್ಜನದ್ದೋ, ಸೋದರಮಾವನದ್ದೋ, ನೆರೆಯವರದ್ದೋ ಇನ್ನೂ ಉಳಿದಿರುತ್ತದೆ. ಊರಿನ ಹಿರಿಯ ಮನೆತನದ ದೊಡ್ಡ ಗುತ್ತಿನ ಮನೆಯೇ ಬೇಕೆಂದು ಹಟ ಹಿಡಿಯಬೇಡಿ. ಒಂದು ಚಾವಡಿ, ಎರಡು ಕೋಣೆ, ಅಡುಗೆಮನೆ, ಅಂಗಳದಲ್ಲೊಂದು ತುಳಸಿಕಟ್ಟೆ ಇದ್ದರೆ ಮೊದಲ ಪ್ರಯತ್ನಕ್ಕೆ ಸಾಕು. ಹಳೆಯ ಮನೆಗಳ ಮರಗೆಲಸ ಹೇಗಿರುತ್ತದೆ ಎಂದು ಮೊದಲೇ ಕಣ್ಣಿಗೆ ರೂಢಿಯಾಗಬೇಕಿದ್ದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜನ್ನು ಅರ್ಧ ದಿನ ಸುತ್ತಿ ಬನ್ನಿ.

ಮನೆಯವರ ಒಪ್ಪಿಗೆಯನ್ನು ಮನೆಯ ಹಿರಿಯರಿಂದಲೇ ಕೇಳಿ ಪಡೆಯಬೇಕು, ಯಾವ ಕೋಣೆಗೆ ಹೋಗಬಾರದು ಎನ್ನುವುದನ್ನೂ ಅವರಿಂದಲೇ ತಿಳಿದುಕೊಳ್ಳಬೇಕು. ನಾನು ಅಳೆದ ಮನೆಯೊಂದರಲ್ಲಿ ಅಜ್ಜಿ ಎಲ್ಲ ಬಾಗಿಲುಗಳನ್ನೂ ತಾವೇ ತೆರೆದು ತೋರಿಸಿ, ದೈವದ ಕೋಣೆಯ ಮುಂದೆ ನಿಂತು, "ಇದೊಂದು ಬೇಡ ಮಗಾ, ಹೊರಗಿಂದ ಕೈಮುಗಿ ಸಾಕು" ಎಂದರು. ನಕ್ಷೆಯಲ್ಲಿ ಆ ಕೋಣೆಯ ಹೊರಗೋಡೆಗಳನ್ನು ಮಾತ್ರ ಬರೆದು ಒಳಗನ್ನು ಖಾಲಿ ಬಿಟ್ಟೆ. ಗೇಮ್‌ನಲ್ಲಿ ಆ ಬಾಗಿಲು ತೆರೆಯುವುದಿಲ್ಲ. ನಿಮ್ಮ ಕೆಲಸದಲ್ಲೂ ಹೀಗೆಯೇ ಇರಲಿ.

ಅಳತೆ

ಬೇಕಾಗುವ ಸಾಮಾನು ಕಡಿಮೆ: 30 ಮೀಟರಿನ ಟೇಪು, 5 ಮೀಟರಿನ ಸಣ್ಣ ಟೇಪು, ಪೆನ್ಸಿಲ್, ಗಟ್ಟಿ ಹಲಗೆ, ಟಾರ್ಚ್ ಮತ್ತು ಜೊತೆಗೊಬ್ಬರು. ಲೇಸರ್ ಅಳತೆಯ ಉಪಕರಣ ಇದ್ದರೆ ಒಳ್ಳೆಯದು, ಆದರೆ ಹೊರಗಿನ ಬಿಸಿಲಿನಲ್ಲಿ ಅದರ ಚುಕ್ಕಿ ಕಾಣುವುದಿಲ್ಲ.

ಮೊದಲ ಮನೆಯಲ್ಲಿ ನಾನು ಕೋಣೆ ಕೋಣೆಯಾಗಿ ಅಳೆದು, ರಾತ್ರಿ ಕೂತು ಎಲ್ಲವನ್ನೂ ಕೂಡಿಸಿದಾಗ ಒಳಗಿನ ಮೊತ್ತಕ್ಕೂ ಹೊರಗಿನ ಉದ್ದಕ್ಕೂ 14 ಸೆಂಟಿಮೀಟರ್ ವ್ಯತ್ಯಾಸ ಬಂತು. ಪ್ರತಿ ಗೋಡೆಯಲ್ಲೂ ಒಂದೆರಡು ಸೆಂಟಿಮೀಟರಿನ ತಪ್ಪು ಸೇರುತ್ತಾ ಹೋಗಿತ್ತು. ಮಾರನೆಯ ದಿನ ಮತ್ತೆ ಹೋಗಿ ಸರಿಯಾದ ವಿಧಾನದಲ್ಲಿ ಅಳೆದೆ. ಆ ವಿಧಾನ ಇದು: ಗೋಡೆಯ ಒಂದು ಮೂಲೆಯನ್ನು ಸೊನ್ನೆ ಎಂದು ಇಟ್ಟುಕೊಂಡು ಉದ್ದ ಟೇಪನ್ನು ಕೊನೆಯವರೆಗೆ ಎಳೆದು ಹಿಡಿಯಬೇಕು, ಕಿಟಕಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಬಂತು ಎಂದು ಟೇಪನ್ನು ಕದಲಿಸದೆ ಒಂದೇ ಓಟದಲ್ಲಿ ಓದಿಕೊಳ್ಳಬೇಕು. ಹೀಗೆ ಮಾಡಿದರೆ ಒಂದು ಕಡೆಯ ತಪ್ಪು ಮುಂದಿನದಕ್ಕೆ ಅಂಟುವುದಿಲ್ಲ. ಕೋಣೆಗಳಿಗೆ ನಾಲ್ಕು ಬದಿಯ ಅಳತೆ ಸಾಲದು, ಮೂಲೆಯಿಂದ ಮೂಲೆಗೆ ಎರಡು ಕರ್ಣಗಳೂ ಬೇಕು. ಹಳೆಯ ಕೋಣೆಗಳು ಚೌಕವಾಗಿ ಕಂಡರೂ ಎರಡು ಕರ್ಣಗಳು ಸಮ ಬರುವುದು ಅಪರೂಪ, ಆ ಓರೆಯನ್ನು ನಕ್ಷೆಯಲ್ಲಿ ನೇರ ಮಾಡದೆ ಇದ್ದ ಹಾಗೆಯೇ ಬರೆಯಬೇಕು. ಗೋಡೆಯ ದಪ್ಪವನ್ನು ಬಾಗಿಲ ಸಂದಿನಲ್ಲಿ ಅಳೆಯಿರಿ.

ಮಾಡನ್ನು, ಅಂದರೆ ಇಳಿಜಾರಿನ ಛಾವಣಿಯನ್ನು, ಅಳೆಯುವುದೇ ಈ ಹಂತದ ಹೆಚ್ಚು ರುಚಿಯಾದ ಕೆಲಸ. ಅಟ್ಟ ಹತ್ತಿ ಪಕ್ಕಾಸಿನ ಉದ್ದ, ಎರಡು ಪಕ್ಕಾಸುಗಳ ನಡುವಿನ ಅಂತರ, ಪಕ್ಕಾಸಿನ ಮೇಲೆ ಅಡ್ಡಲಾಗಿ ಬಡಿದು ಹಂಚು ಕೂರಿಸುವ ರೀಪುಗಳ ನಡುವಿನ ಅಂತರ ಇವಿಷ್ಟನ್ನು ಬರೆದುಕೊಳ್ಳಿ. ರೀಪಿನ ಅಂತರ 32 ಸೆಂಟಿಮೀಟರ್ ಇದ್ದು ಹೊರಗಿನಿಂದ ಎಣಿಸಿದಾಗ 15 ಸಾಲು ಹಂಚು ಸಿಕ್ಕಿದರೆ ಇಳಿಜಾರಿನ ಉದ್ದ ಸುಮಾರು 4.8 ಮೀಟರ್ ಇರಲೇಬೇಕು. ಪಕ್ಕಾಸಿನ ಅಳತೆ ಅದಕ್ಕೆ ಹೊಂದದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ. ಹಂಚೇ ಇಲ್ಲಿ ಅಳತೆಗೋಲಾಗುತ್ತದೆ.

ಬಿಡಿ ಹಂಚೊಂದು ಸಿಕ್ಕಿದರೆ ಮಗುಚಿ ನೋಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ನೇತ್ರಾವತಿ ದಂಡೆಯಲ್ಲಿ ಮೊದಲ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು, ಆ ಇಸವಿಯನ್ನು ಹಂಚಿನ ಮೇಲೂ ಒತ್ತುತ್ತಿದ್ದರು. ಆದ್ದರಿಂದ 1865 ಎಂದು ಕಂಡ ಕೂಡಲೇ ಮನೆ ಅಷ್ಟು ಹಳೆಯದೆಂದು ಬರೆದುಬಿಡಬೇಡಿ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೆಸರಿದ್ದರೆ ಆ ಹಂಚು ಮೊದಲ ಮಹಾಯುದ್ಧಕ್ಕಿಂತ ಈಚಿನದು, ಏಕೆಂದರೆ ಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡ ಮೇಲೆ ಅವು ಆ ಟ್ರಸ್ಟಿನ ಕೈಗೆ ಹೋದವು. ಮುದ್ರೆಯ ಫೋಟೋವನ್ನು ಓರೆ ಬೆಳಕಿನಲ್ಲಿ ತೆಗೆದರೆ ಅಕ್ಷರಗಳು ಎದ್ದು ಕಾಣುತ್ತವೆ.

ನಕ್ಷೆಯನ್ನು 1:50ರ ಪ್ರಮಾಣದಲ್ಲಿ ಬರೆಯಿರಿ. ಎ2 ಹಾಳೆಯಲ್ಲಿ ಆ ಪ್ರಮಾಣಕ್ಕೆ 29.7 ಮೀಟರ್ ಉದ್ದ, 21 ಮೀಟರ್ ಅಗಲದ ಜಾಗ ಹಿಡಿಯುವುದರಿಂದ ಅಂಗಳಸಮೇತ ಹೆಚ್ಚಿನ ಮನೆಗಳು ಒಂದೇ ಹಾಳೆಯಲ್ಲಿ ಕೂರುತ್ತವೆ. ಮಾಡಿನ ಅಡ್ಡಸೀಳಿಕೆಯನ್ನು (ಕತ್ತರಿಸಿ ಒಳಗು ತೋರಿಸಿದಂಥ ಚಿತ್ರವನ್ನು) ಮಾತ್ರ 1:20ರಲ್ಲಿ ಪ್ರತ್ಯೇಕವಾಗಿ ಬರೆಯಿರಿ, ಕೈಯಿಂದ ಬರೆದರೆ ಇನ್ನೂ ಒಳ್ಳೆಯದು.

ಬೆಳಕು

ಅಳತೆ ಮುಗಿಸಿದವರಿಗೆ ಮನೆ ಯಾವ ದಿಕ್ಕಿಗಿದೆ, ಯಾವ ಹೊತ್ತಿಗೆ ಬಿಸಿಲು ಎಲ್ಲಿ ಬೀಳುತ್ತದೆ ಎನ್ನುವುದು ಆಗಲೇ ಗೊತ್ತಿರುತ್ತದೆ. ಅಳತೆ ಮೊದಲು ಎನ್ನುವುದಕ್ಕೆ ಇದೇ ಕಾರಣ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಆಕಾಶ ತೊಳೆದಂತೆ ಇರುತ್ತದೆ, ಹಂಚಿನ ಮೇಲೆ ಪಾಚಿಯ ಹಸಿರೂ ಉಳಿದಿರುತ್ತದೆ. ನನಗೆ ಆ ದಿನಗಳೇ ಇಷ್ಟ.

ಎದುರಿನ ನೋಟ ತೆಗೆಯುವಾಗ ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಬಾರದು. ವಾಲಿಸಿದರೆ ಕಂಬಗಳು ಮೇಲೆ ಹೋದಂತೆ ಒಂದಕ್ಕೊಂದು ಒರಗಿ ನಿಲ್ಲುತ್ತವೆ. ಹಿಂದಕ್ಕೆ ಸರಿದು, ಕ್ಯಾಮೆರಾವನ್ನು ನೆಲಕ್ಕೆ ಸಮನಾಗಿ ಹಿಡಿದು, ಬೇಡದ ಅಂಗಳದ ಭಾಗವನ್ನು ಆಮೇಲೆ ಕತ್ತರಿಸಿಕೊಳ್ಳಿ. ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ) 8. ನಿಂತ ಕಟ್ಟಡಕ್ಕೆ ಇದರಾಚೆ ದೊಡ್ಡ ಲೆಕ್ಕವಿಲ್ಲ.

ಒಳಗಿನ ಫೋಟೋಗಳಲ್ಲಿ ಎರಡು ತೊಂದರೆಗಳು ಬರುತ್ತವೆ. ಚಾವಡಿ ಕತ್ತಲು, ಅಂಗಳ ಬಿಳಿ ಬಿಸಿಲು, ಎರಡನ್ನೂ ಒಂದೇ ಚಿತ್ರ ಹಿಡಿಯಲಾರದು. ಕ್ಯಾಮೆರಾ ಕದಲಿಸದೆ ಒಂದು ಸರಿ ಬೆಳಕಿನದು, ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ ಇಲ್ಲವೇ ಇಮ್ಮಡಿ) ಕಡಿಮೆಯದು, ಎರಡು ಸ್ಟಾಪ್ ಹೆಚ್ಚಿನದು ಹೀಗೆ ಮೂರು ತೆಗೆದು ಆಮೇಲೆ ಸೇರಿಸಿ. ಸೇರಿಸುವಾಗಲೂ ಕತ್ತಲನ್ನು ಪೂರ್ತಿ ಅಳಿಸಬೇಡಿ, ಏಕೆಂದರೆ ಆ ತಂಪುಗತ್ತಲೇ ನಮ್ಮ ಚಾವಡಿಗಳ ಗುಣ. ಎರಡನೆಯದು ಬಣ್ಣದ್ದು. ರೆಡ್ ಆಕ್ಸೈಡಿನ ನೆಲದ ಮೇಲೆ ಬಿದ್ದ ಬೆಳಕು ಸುಣ್ಣದ ಗೋಡೆಗೆ ಕೆಂಪಾಗಿ ಹಾರುತ್ತದೆ. ಕ್ಯಾಮೆರಾ ಅದನ್ನು ತಪ್ಪೆಂದು ತಿಳಿದು ತಾನೇ ಸರಿಮಾಡಲು ಹೋಗಿ ಇಡೀ ಕೋಣೆಯನ್ನು ನೀಲಿ ಮಾಡುತ್ತದೆ. ವೈಟ್ ಬ್ಯಾಲೆನ್ಸನ್ನು ಹಗಲು ಬೆಳಕಿಗೆ, ಅಂದರೆ ಸುಮಾರು 5,500 ಕೆಲ್ವಿನ್‌ಗೆ ನಿಲ್ಲಿಸಿಬಿಡಿ.

ಮಾಡಿನಲ್ಲಿ ಗಾಜಿನ ಹಂಚು ಇದ್ದರೆ ಒಂದು ದಿನ ಅದಕ್ಕೇ ಮೀಸಲಿಡಿ. ಟ್ರೈಪಾಡನ್ನು ಒಂದೇ ಜಾಗದಲ್ಲಿಟ್ಟು ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಗಂಟೆಗೊಂದು ಚಿತ್ರ ತೆಗೆಯಿರಿ. ನಾನು ಹೀಗೆ ಕೂತ ಮನೆಯಲ್ಲಿ ಅಂಗೈ ಅಗಲದ ಬೆಳಕಿನ ಚೌಕ ಬೆಳಿಗ್ಗೆ ಪಶ್ಚಿಮದ ಗೋಡೆಯಿಂದ ಇಳಿದು, ಮಧ್ಯಾಹ್ನ ಒರಳುಕಲ್ಲಿನ ಕುಳಿಯೊಳಗೆ ಕೂತು, ಮೂರು ಗಂಟೆಗೆ ಅಕ್ಕಿ ಡಬ್ಬಿಯ ಮುಚ್ಚಳ ಹತ್ತಿತು. ಆ ಎಂಟು ಚಿತ್ರಗಳನ್ನು ನಕ್ಷೆಯ ಪಕ್ಕದಲ್ಲಿಟ್ಟರೆ ಅದು ಸೂರ್ಯನ ದಾರಿಯ ದಾಖಲೆಯೇ ಆಗುತ್ತದೆ.

ನಮ್ಮ ಕರಾವಳಿಯ ಹವೆಯ ಬಗ್ಗೆ ಒಂದು ಎಚ್ಚರಿಕೆ. ಒಂದು ಮಳೆಗಾಲವಿಡೀ ಕ್ಯಾಮೆರಾವನ್ನು ಚೀಲದಲ್ಲೇ ಕಪಾಟಿನೊಳಗೆ ಇಟ್ಟಿದ್ದೆ. ಅಕ್ಟೋಬರಿನಲ್ಲಿ ತೆಗೆದಾಗ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಸ್ಟು ಹಬ್ಬಿತ್ತು, ಮತ್ತೆ ಅದು ಮೊದಲಿನಂತಾಗಲಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಒಳಗಿನ ತೇವಾಂಶ ಶೇಕಡಾ 40ರಿಂದ 50ರೊಳಗೆ ಇರುವಂತೆ ಪುಟ್ಟ ಮಾಪಕವೊಂದನ್ನೂ ಇಡಿ. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರತೆಗೆಯಬೇಡಿ, ಚೀಲದೊಳಗೇ ಅರ್ಧ ಗಂಟೆ ಬಿಟ್ಟರೆ ಗಾಜಿನ ಮೇಲೆ ಮಂಜು ಕೂರುವುದಿಲ್ಲ.

ಚುಕ್ಕಿಗಳು

1990ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಟಿವಿ ಗೇಮ್‌ಗಳಲ್ಲಿ ಬಹುಪಾಲು 1983ರ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಆದರೆ ಈ ಕೆಲಸಕ್ಕೆ ನಾನು ಸೂಚಿಸುವುದು 1989ರ ಗೇಮ್ ಬಾಯ್ ಯಂತ್ರವನ್ನು. ಅದರ ಪರದೆ 160 ಚುಕ್ಕಿ (ಪಿಕ್ಸೆಲ್) ಅಗಲ, 144 ಚುಕ್ಕಿ ಎತ್ತರ, ಛಾಯೆಗಳು ಬರೀ ನಾಲ್ಕು. ಬಣ್ಣದ ಯೋಚನೆಯೇ ಇಲ್ಲದಿರುವುದರಿಂದ ಆಕಾರದ ಮೇಲೆ ಗಮನ ನಿಲ್ಲುತ್ತದೆ. ಯಂತ್ರ ಕೈಯಲ್ಲಿರಬೇಕೆಂದಿಲ್ಲ. ಜಿಬಿ ಸ್ಟುಡಿಯೋ ಎಂಬ ಉಚಿತ ತಂತ್ರಾಂಶದಲ್ಲಿ ಕೋಡ್ ಬರೆಯದೆಯೇ ಗೇಮ್ ಕಟ್ಟಬಹುದು, ಅದನ್ನು ಬ್ರೌಸರಿನಲ್ಲೂ ಆಡಬಹುದು.

ಆ ಯಂತ್ರ ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಕಾಣುತ್ತದೆ. ಆ ಚೌಕಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರೂ ಟೈಲ್ ಎಂದೇ, ಅಂದರೆ ಹಂಚು. ಒಂದು ಪರದೆಗೆ 20×18, ಒಟ್ಟು 360 ಚೌಕ. ಜಿಬಿ ಸ್ಟುಡಿಯೋದಲ್ಲಿ ಒಂದು ಹಿನ್ನೆಲೆಗೆ ಬೇರೆ ಬೇರೆಯಾದ 192 ಚೌಕಗಳಿಗಷ್ಟೇ ಅವಕಾಶ. ಉಳಿದ 168 ಕಡೆ ಬಳಸಿದ್ದನ್ನೇ ಮತ್ತೆ ಬಳಸಬೇಕು. ಮನೆಯಲ್ಲಿ ಯಾವುದು ಮರುಕಳಿಸುತ್ತದೆ, ಯಾವುದು ಒಂದೇ ಸಲ ಬರುತ್ತದೆ ಎಂದು ನಕ್ಷೆ ಎದುರಿಟ್ಟುಕೊಂಡು ಪಟ್ಟಿ ಮಾಡಿ. ಹಂಚು, ಮುರಕಲ್ಲಿನ ವರಸೆ, ಕಿಟಕಿಯ ಸರಳು, ಮೆಟ್ಟಿಲು ಮರುಕಳಿಸುತ್ತವೆ. ತುಳಸಿಕಟ್ಟೆ, ಕೆತ್ತನೆಯ ಬಾಗಿಲು ಒಂದೇ ಸಲ. ಚೌಕಗಳ ಖರ್ಚು ಇವೆರಡರ ಮೇಲಿರಲಿ.

ಪ್ರಮಾಣವನ್ನು ಹೀಗೆ ಹಿಡಿಯಿರಿ: ಒಂದು ಚುಕ್ಕಿಗೆ 10 ಸೆಂಟಿಮೀಟರ್. ಆಗ 16 ಚುಕ್ಕಿಯ ಪಾತ್ರ 1.6 ಮೀಟರಿನ ಮನುಷ್ಯ, ಪರದೆಯ ಅಗಲ 16 ಮೀಟರ್, ಹೆಚ್ಚಿನ ಮನೆಗಳ ಮುಖ ಅದರೊಳಗೆ ಹಿಡಿಸುತ್ತದೆ. ಹಳೆಯ ಬಾಗಿಲು ತಗ್ಗು ಎನ್ನುವುದೂ ತಾನಾಗಿ ಕಾಣುತ್ತದೆ, ಪಾತ್ರದ ತಲೆ ಮೇಲಿನ ದಾರಂದಕ್ಕೆ ತಾಗುವಷ್ಟೇ ಎತ್ತರ.

ಆದರೆ ಹಂಚಿನ ವಿಷಯದಲ್ಲಿ ಈ ಪ್ರಮಾಣ ಕೈಕೊಡುತ್ತದೆ. ಸುಮಾರು 25 ಸೆಂಟಿಮೀಟರ್ ಅಗಲದ ಹಂಚಿಗೆ ಎರಡೂವರೆ ಚುಕ್ಕಿ ಸಿಗುತ್ತದೆ, ಅರ್ಧ ಚುಕ್ಕಿ ಎಂಬುದಿಲ್ಲ. ನಾನು ಮೂರು, ಮೂರು, ಎರಡು ಎಂದು ಹಂಚಿ ನೋಡಿದೆ. ಮಾಡು ಗೋಣಿಚೀಲದಂತೆ ಕಂಡಿತು. ಕೊನೆಗೆ ಅಲ್ಲಿ ಮಾತ್ರ ಅಳತೆಯನ್ನು ಬಿಟ್ಟು 4×4 ಚುಕ್ಕಿಗೊಂದು ಹಂಚು ಬರೆದೆ. ಕೆಳಗಿನ ಸಾಲು ಕಡುಗಪ್ಪು, ಅದು ಒಂದು ಹಂಚಿನ ಮೇಲೆ ಇನ್ನೊಂದು ಏರಿದ ನೆರಳು. ಎಡಗಂಬ ಅದಕ್ಕಿಂತ ತುಸು ತೆಳು, ಅದು ಕೂಡುಗೆರೆ. ಉಳಿದ ಒಂಬತ್ತು ಚುಕ್ಕಿ ಇನ್ನೂ ತೆಳು, ಅವುಗಳಲ್ಲಿ ಒಂದು ಮಾತ್ರ ಬಿಳಿ, ಬಿಸಿಲು ತಾಗಿದ ಏಣು. ಒಂದು ಚೌಕದಲ್ಲಿ ನಾಲ್ಕು ಹಂಚು ಕೂರುತ್ತವೆ. ನಿಮ್ಮ ಮನೆಯ ಮಾಡಿನಲ್ಲಿ ಸಾಲುಗಳು ಅರ್ಧ ಹಂಚಿನಷ್ಟು ಸರಿದು ಕೂತಿದ್ದರೆ ಕೆಳಗಿನ ಎರಡನ್ನು ಎರಡು ಚುಕ್ಕಿ ಸರಿಸಿ. ಅದೇ ಒಂದು ಚೌಕ ಇಡೀ ಮಾಡಿಗೆ ಸಾಕಾಗುತ್ತದೆ.

ತೆಗೆದ ಫೋಟೋಗಳನ್ನೂ ಗೇಮ್‌ನೊಳಗೆ ತರಬಹುದು. 1998ರಲ್ಲಿ ಬಂದ ಗೇಮ್ ಬಾಯ್ ಕ್ಯಾಮೆರಾ 128×112 ಚುಕ್ಕಿಯ ಚಿತ್ರ ತೆಗೆಯುತ್ತಿತ್ತು. ಆ ಗಾತ್ರಕ್ಕೆ 224 ಚೌಕ ಬೇಕು, ಅಂದರೆ ಮಿತಿಯನ್ನು ಮೀರುತ್ತದೆ. 112×96ಕ್ಕೆ ಕತ್ತರಿಸಿದರೆ 168ರಲ್ಲಿ ಮುಗಿದು ಸುತ್ತ ಚೌಕಟ್ಟಿಗೂ ಜಾಗ ಉಳಿಯುತ್ತದೆ. ನಾಲ್ಕು ಛಾಯೆಗೆ ಇಳಿಸುವಾಗ ನಡುವಿನ ಛಾಯೆಗಳನ್ನು ಚುಕ್ಕಿ ಬೆರೆಸಿ ತೋರಿಸುವ ವಿಧಾನಗಳಲ್ಲಿ ಫ್ಲಾಯ್ಡ್-ಸ್ಟೈನ್‌ಬರ್ಗ್ ವಿಧಾನಕ್ಕಿಂತ ಬೇಯರ್ ವಿಧಾನ ಇಲ್ಲಿ ಮೇಲು. ಮೊದಲನೆಯದು ಚುಕ್ಕಿಗಳನ್ನು ಎಲ್ಲೆಡೆ ಬೇರೆ ಬೇರೆಯಾಗಿ ಚೆಲ್ಲುವುದರಿಂದ ಪ್ರತಿ ಚೌಕವೂ ಹೊಸದಾಗುತ್ತದೆ. ಎರಡನೆಯದರಲ್ಲಿ ಸಮತಟ್ಟಾದ ಗೋಡೆ, ಆಕಾಶ ಒಂದೇ ನೇಯ್ಗೆಯಾಗಿ ಮರುಕಳಿಸಿ ಚೌಕಗಳು ಉಳಿಯುತ್ತವೆ.

ಆಟ ಏನಿರಬೇಕೆಂದು ಮನೆಯೇ ಹೇಳುತ್ತದೆ. ನನ್ನದರಲ್ಲಿ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಬರುವ ತುಳುನಾಡಿನ ಪತ್ತನಾಜೆ ದಿನದೊಳಗೆ ಒಡೆದ ಹಂಚುಗಳನ್ನು ಹುಡುಕಿ ಬದಲಿಸಬೇಕು. ಬಿಟ್ಟುಹೋದ ಕಡೆ ಮಳೆ ಸೋರುತ್ತದೆ, ಅಡುಗೆಮನೆಯಿಂದ ಪಾತ್ರೆ ತಂದು ಇಡಬೇಕು. ಹನಿಗಳನ್ನು ಒಂದೊಂದೇ ಚಲಿಸುವ ಬೊಂಬೆಯಾಗಿ ಮಾಡಲು ಹೋಗಬೇಡಿ. ಒಂದು ಅಡ್ಡಸಾಲಿನಲ್ಲಿ 10ಕ್ಕಿಂತ ಹೆಚ್ಚು ಬೊಂಬೆಗಳನ್ನು ಆ ಯಂತ್ರ ತೋರಿಸುವುದಿಲ್ಲ, ಮಳೆ ನಡುನಡುವೆ ಮಾಯವಾಗುತ್ತದೆ. ಹಿನ್ನೆಲೆಯ ಚೌಕವನ್ನೇ ಬದಲಿಸುತ್ತಾ ಮಳೆ ಸುರಿಸಿ.

ಒಟ್ಟಿಗೆ ತೋರಿಸುವುದು

ಪುಟಗಳನ್ನು ಮಾಧ್ಯಮದ ಪ್ರಕಾರ ವಿಂಗಡಿಸದೆ ಮನೆಯ ಭಾಗಗಳ ಪ್ರಕಾರ ಜೋಡಿಸಿ. ಮಾಡಿನ ಪುಟದಲ್ಲಿ 1:20ರ ಸೀಳಿಕೆ, ಹಂಚಿನ ಮುದ್ರೆಯ ಫೋಟೋ, ಹಿಗ್ಗಿಸಿದ ಆ 8×8 ಚೌಕ ಮೂರೂ ಅಕ್ಕಪಕ್ಕ ಇರಲಿ. ಚಾವಡಿಗೆ ಇನ್ನೊಂದು ಪುಟ, ಅಂಗಳಕ್ಕೆ ಮತ್ತೊಂದು. ಚುಕ್ಕಿಚಿತ್ರಗಳನ್ನು ಎರಡು, ಮೂರು, ನಾಲ್ಕರಂಥ ಪೂರ್ಣ ಗುಣಕದಲ್ಲೇ ಹಿಗ್ಗಿಸಬೇಕು, ಇಲ್ಲದಿದ್ದರೆ ಅಂಚುಗಳು ಮಸುಕಾಗುತ್ತವೆ.

ನಕ್ಷೆಯ ಒಂದು ಪ್ರತಿಯನ್ನು ಮನೆಯವರಿಗೆ ಕೊಡುವುದನ್ನು ಮರೆಯಬೇಡಿ, ಅಳೆದ ದಿನಾಂಕವನ್ನೂ ಅದರ ಮೂಲೆಯಲ್ಲಿ ಬರೆಯಿರಿ. ನಾನು ಕೊಟ್ಟ ಸೀಳಿಕೆಯನ್ನು ಅಜ್ಜಿಯ ಮನೆಯಲ್ಲಿ ಮರದ ಪೆಟ್ಟಿಗೆಯೊಳಗೆ ಮಡಚಿ ಇಟ್ಟಿದ್ದರು. ಎರಡು ವರ್ಷದ ಮೇಲೆ ಗೆದ್ದಲು ತಿಂದ ಪಕ್ಕಾಸು ಬದಲಿಸಲು ಬಂದ ಆಚಾರಿಯವರು ಅದನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಹಂಚಿನ ತುಂಡು ಇಟ್ಟು, ಮರದ ಉದ್ದವನ್ನು ಅದರಿಂದಲೇ ಲೆಕ್ಕಹಾಕಿದರು.