ಚಿಚೆಸ್ಟರ್ ಕ್ರಾಸ್: ಒಳಗೆ ಕೂತ ಮೇಲೆ ಚಿತ್ರ ಕೈಗೆ ಬಂತು

ಕ್ರಾಸ್ ಅಂದರೆ ಬೆಂಗಳೂರಿನವರಿಗೆ ಅಡ್ಡರಸ್ತೆ. ಇಂಗ್ಲೆಂಡಿನ ಹಳೇ ಪೇಟೆಗಳಲ್ಲಿ ಸಂತೆ ಸೇರುವ ಜಾಗದಲ್ಲಿ ಕಲ್ಲಿನ ಶಿಲುಬೆ ನಿಲ್ಲಿಸುತ್ತಿದ್ದರು, ಆಮೇಲೆ ಅಲ್ಲಿ ಕಟ್ಟಿದ ಮಂಟಪಗಳಿಗೂ ಮಾರ್ಕೆಟ್ ಕ್ರಾಸ್ ಅನ್ನೋ ಹೆಸರೇ ಅಂಟಿಕೊಂಡಿತು. ಚಿಚೆಸ್ಟರ್‌ನಲ್ಲಿರುವುದು ಅಂಥದ್ದೇ ಮಂಟಪ, ಊರಿನ ನಾಲ್ಕು ದೊಡ್ಡ ಬೀದಿಗಳು ಕೂಡುವ ಕಡೆ. ಪೆನ್ಸಿಲ್ಲಿನಲ್ಲಿ ಅದನ್ನು ಬಿಡಿಸಲು ನನಗೆ ಮೂರು ಭಾನುವಾರ ಬೇಕಾಯಿತು.

ಮೊದಲ ಭಾನುವಾರ ಎದುರಿಗೆ ನಿಂತು ನೇರ ಒಂದು ಕಮಾನಿಗೆ ಕೈ ಹಾಕಿದೆ. ತಪ್ಪಾಯಿತು. ಎಂಟು ಮುಖದ ಕಟ್ಟಡ ಅಲ್ವಾ, ಪಕ್ಕದ ಮುಖಗಳು ಓರೆಯಾಗಿ, ಕಿರಿದಾಗಿ ಕಾಣಬೇಕು. ನನ್ನ ಹಾಳೆಯಲ್ಲಿ ಎಲ್ಲವೂ ಒಂದೇ ಅಗಲ.

ಮುಂದಿನ ವಾರ ಮೊದಲು ನೆಲದ ನಕ್ಷೆ ಹಾಕಿದೆ. ವಿಧಾನ ಸುಲಭ. ಒಂದು ಚೌಕ ಎಳೆಯಿರಿ, ಮೂಲೆಯಿಂದ ಚೌಕದ ನಟ್ಟನಡುವಿನ ಬಿಂದುವಿನವರೆಗೆ ಕೈವಾರ ಅಗಲಿಸಿ, ಅದೇ ಅಳತೆಯಲ್ಲಿ ನಾಲ್ಕೂ ಮೂಲೆಗಳಿಂದ ಗೆರೆ ಬಾಗಿಸಿದರೆ ಚೌಕದ ಬದಿಗಳ ಮೇಲೆ ಎಂಟು ಗುರುತು ಬೀಳುತ್ತವೆ. ಅವನ್ನು ಸೇರಿಸಿದರೆ ಎಂಟು ಮೂಲೆ ಸಿದ್ಧ.

ಮೂರನೇ ಸಲ ಮಳೆ ಬಂತು, ಓಡಿ ಒಳಗೆ ನಿಂತೆ. ನಡುವೆ ಒಂದು ದಪ್ಪ ಕಂಬ, ಅದರ ಸುತ್ತ ಕೂರಲು ಕಲ್ಲಿನ ಕಟ್ಟೆ. ತಲೆ ಎತ್ತಿದರೆ ಛತ್ರಿ ಕಡ್ಡಿಗಳ ಹಾಗೆ ಆ ಕಂಬದಿಂದಲೇ ಕಲ್ಲಿನ ಪಟ್ಟಿಗಳು ಹರಡಿಕೊಂಡಿವೆ. ಆಗ ತಿಳಿಯಿತು, ಇದು ಮೊದಲಿಗೆ ಒಂದು ಸೂರು, ಅಲಂಕಾರ ಆಮೇಲೆ. 1501ರಲ್ಲಿ ಬಿಷಪ್ ಎಡ್ವರ್ಡ್ ಸ್ಟೋರಿ ಇದನ್ನು ಕಟ್ಟಿಸಿದ್ದೇ ಬಡವರು ಸುಂಕ ಕೊಡದೆ ಇಲ್ಲಿ ಕೂತು ಮಾರಲಿ ಅಂತ. ಬುಟ್ಟಿ ಇಟ್ಟುಕೊಂಡು ಮಳೆಯಲ್ಲಿ ಕೂತವರಿಗೆ ಆ ಎಂಟು ಕಮಾನುಗಳ ಒಳಗಿನ ನೆರಳೇ ಅಂಗಡಿ. 1808ರಲ್ಲಿ ವಾಸ್ತುಶಿಲ್ಪಿ ಜಾನ್ ನ್ಯಾಶ್ ನಕ್ಷೆಯ ಮಾರುಕಟ್ಟೆ ಕಟ್ಟಡ ಹತ್ತಿರದಲ್ಲೇ ಎದ್ದ ಮೇಲೆ ವ್ಯಾಪಾರ ಅಲ್ಲಿಗೆ ಹೋಯಿತು.

ಹಾಗಾಗಿ ಈ ಸಲ ನಡುಗಂಬ, ಚಾವಣಿ, ಹೊರಗಂಬ, ಈ ಕ್ರಮದಲ್ಲಿ ಬಿಡಿಸುತ್ತಾ ಬಂದೆ. ಹೊರಗಂಬಗಳ ಮೇಲಿಂದ ಎಂಟು ಬಾಗಿದ ಕಲ್ಲುತೋಳುಗಳು ಎದ್ದು ನಡುವೆ ಕಿರೀಟದ ಹಾಗೆ ಕೂಡುತ್ತವೆ, ಮೊದಲ ವಾರ ನನಗೆ ಜಾಸ್ತಿ ಕಾಟ ಕೊಟ್ಟದ್ದು ಇವೇ. ನಕ್ಷೆಯಲ್ಲಿ ನಡುಬಿಂದು ಗೊತ್ತಿದ್ದರೆ ಪ್ರತಿಯೊಂದೂ ಎಲ್ಲಿಗೆ ಹೋಗಿ ಸೇರಬೇಕು ಅಂತ ತಾನೇ ತಿಳಿಯುತ್ತದೆ. ಗಡಿಯಾರವನ್ನು ಕೊನೆಗೆ ಉಳಿಸಿದೆ, ಅದು 1724ರಲ್ಲಿ ಡೇಮ್ ಎಲಿಜಬೆತ್ ಫಾರಿಂಗ್ಟನ್ ಕೊಟ್ಟದ್ದು, ಮೂಲದಲ್ಲಿ ಇರಲಿಲ್ಲ.

ಕಟ್ಟೆಯ ಮೇಲೆ ಇಬ್ಬರು ಮಳೆ ನಿಲ್ಲಲಿ ಅಂತ ಕಾಯುತ್ತಿದ್ದರು. ಅವರನ್ನೂ ಸೇರಿಸಿದೆ. ಅವರಿಲ್ಲದೆ ಕಂಬ ಎಷ್ಟು ದಪ್ಪ ಅಂತ ಚಿತ್ರ ನೋಡಿದವರಿಗೆ ತಿಳಿಯುತ್ತಿರಲಿಲ್ಲ.